ಗೃಹಾರೋಗ್ಯ: ತೊಟ್ಟಿಯ ನೀರೂ ಹಗಲಿನ ಸೊಳ್ಳೆಯೂ

ಮಳೆಗಾಲ ಬಂದರೆ ಸೊಳ್ಳೆ, ಸೊಳ್ಳೆ ಬಂದರೆ ಜ್ವರ ಎಂಬುದು ಹಿಂದಿನಿಂದ ನಾವು ಹಾಕಿಕೊಂಡು ಬಂದ ಲೆಕ್ಕ. ಈಚೆಗೆ ಈ ಲೆಕ್ಕವು ತಪ್ಪುತ್ತಲಿದೆ. ನಲ್ಲಿಯಲ್ಲಿ ಹನಿ ನೀರು ಬಾರದ ಕಡುಬೇಸಗೆಯಲ್ಲಿಯೂ ಡೆಂಗಿ ಜ್ವರವು ಮನೆ ಹೊಕ್ಕುದನ್ನು ಕಂಡು ನಮ್ಮ ವಾಚಕರಲ್ಲಿ ಕೆಲವರು ಬೆರಗಾಗಿರಬಹುದು. ನೀರಿನ ಅಭಾವಕ್ಕೂ ಸೊಳ್ಳೆಗೂ ಏನು ನಂಟು? ಆ ನಂಟು ನಮ್ಮ ಬಚ್ಚಲುಮನೆಯಲ್ಲಿಯೇ ಇರುವುದು.

ಡೆಂಗಿಯನ್ನೂ ಚಿಕುನ್‌ಗುನ್ಯವನ್ನೂ ಹರಡತಕ್ಕ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದು. ರಾತ್ರಿಯ ಪರದೆಯೊಂದನ್ನೇ ನಂಬಿದವರು ಮೋಸಹೋಗುವರು. ಚರಂಡಿಯ ಕೊಚ್ಚೆಗಿಂತ ತಿಳಿನೀರೇ ಅದಕ್ಕೆ ಪ್ರಿಯ. ನಲ್ಲಿ ಬಾರದ ದಿನಗಳಿಗೆಂದು ನಾವು ಡ್ರಮ್ಮಿನಲ್ಲಿ, ಸಿಮೆಂಟಿನ ತೊಟ್ಟಿಯಲ್ಲಿ ಕೂಡಿಟ್ಟ ನೀರೇ ಅದರ ಸೂತಿಕಾಗೃಹ. 2006ರಲ್ಲಿ ಕರ್ಣಾಟಕದಲ್ಲಿ ಏಳು ಲಕ್ಷಕ್ಕೂ ಮೇಲ್ಪಟ್ಟ ಜನರು ಚಿಕುನ್‌ಗುನ್ಯದ ಶಂಕೆಯಿಂದ ಹಾಸಿಗೆ ಹಿಡಿದುದನ್ನು ಯಾರು ಮರೆತಾರು!

ಇನ್ನು ಹವೆಯ ಮಾತು. ಸೆಖೆ ಏರಿದಂತೆ ಮೊಟ್ಟೆಯು ಸೊಳ್ಳೆಯಾಗುವ ಕಾಲವು ಕುಗ್ಗುವುದು. ರೋಗಿಯ ರಕ್ತವನ್ನು ಹೀರಿದ ಸೊಳ್ಳೆಯ ಒಡಲಲ್ಲಿ ವೈರಾಣುವು ಬಲಿತು ಇನ್ನೊಬ್ಬರಿಗೆ ದಾಟಲು ಸುಮಾರು 8ರಿಂದ 12 ದಿನಗಳು ಬೇಕು. ಉಷ್ಣ ಹೆಚ್ಚಿದರೆ ಈ ಅವಧಿಯೂ ಕಡಮೆಯಾಗುವುದು. ಕೆಲವೇ ವಾರ ಬದುಕುವ ಪ್ರಾಣಿಗೆ ಎರಡು ದಿನದ ಉಳಿತಾಯವೂ ದೊಡ್ಡ ಲಾಭವಲ್ಲವೆ? ಅತಿಯಾದ ಬಿಸಿಲು ಸೊಳ್ಳೆಯನ್ನೂ ಕೊಲ್ಲುವುದು ನಿಜ. ಆದರೆ ಮನೆಯೊಳಗಿನ ತಂಪಿನಲ್ಲಿ ಅದೂ ನಮ್ಮೊಡನೆ ಪಾಲುಗಾರ. ನೇಪಾಳದಲ್ಲಿ ಡೆಂಗಿಯು ಮೊದಲು ಕಂಡುದು 2004ರಲ್ಲಿ. 2022ರಲ್ಲಿ ಅಲ್ಲಿ 50 ಸಾವಿರಕ್ಕೂ ಹೆಚ್ಚು ಜನರು ನರಳಿದರು, ಬೆಟ್ಟಗಳ ನಡುವಿನ ಕಾಠ್ಮಂಡುವೂ ತಪ್ಪಿಸಿಕೊಳ್ಳಲಿಲ್ಲ.

ಮಲೇರಿಯದ ಗುಟ್ಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಒಡೆದ ರೊನಾಲ್ಡ್ ರಾಸರು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಬಂಗಲೆಯಲ್ಲಿ ಸೊಳ್ಳೆಯ ಕಾಟ ಮಿತಿಮೀರಲು, ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಮರಿಹುಳುಗಳನ್ನು ಕಂಡು ಅದನ್ನು ಮಗುಚಿಸಿದರು, ಕಾಟವು ತಗ್ಗಿತು. ಉಳಿದ ತೊಟ್ಟಿಗಳಿಗೂ ಇದೇ ಉಪಾಯವೆಂದಾಗ, ಅದು ಸೃಷ್ಟಿಕ್ರಮಕ್ಕೆ ವಿರುದ್ಧವೆಂದು ಅಧಿಕಾರಿಯೊಬ್ಬರು ಒಪ್ಪಲಿಲ್ಲವಂತೆ. ಅಂಥ ಅಧಿಕಾರಿಗಳು ಈಗ ಇರಲಾರರು. 2024ರಲ್ಲಿ ನಮ್ಮ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಬೆಳೆಸುವ ಮನೆಗಳಿಗೆ ದಂಡವನ್ನೇ ಗೊತ್ತುಮಾಡಿತು.

ಆದರೆ ಮಗುಚುವುದೊಂದೇ ಸಾಲದು. ಈ ಸೊಳ್ಳೆಯ ಮೊಟ್ಟೆಗಳು ನೀರಿನ ಅಂಚಿಗೆ, ಪಾತ್ರೆಯ ಒಳಗೋಡೆಗೆ ಅಂಟಿರುವುವು. ಒಣಗಿದರೂ ತಿಂಗಳುಗಟ್ಟಲೆ ಸಾಯದೆ, ಮತ್ತೆ ನೀರು ತಗಲಿದೊಡನೆ ಮರಿಯಾಗುವುವು. ಆದುದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ತೆಂಗಿನ ನಾರಿನಿಂದ ಒಳಮೈಯನ್ನು ಚೆನ್ನಾಗಿ ಉಜ್ಜಿ, ಮತ್ತೆ ತುಂಬಿ, ಸಂದಿಲ್ಲದಂತೆ ಮುಚ್ಚತಕ್ಕದ್ದು. ಬರಿದುಮಾಡಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು. ಹೂಕುಂಡದ ತಟ್ಟೆ, ಏರ್ ಕೂಲರು, ಫ್ರಿಜ್ಜಿನ ಹಿಂದಿನ ತಟ್ಟೆ ಇವುಗಳನ್ನು ಗೃಹಿಣಿಯರು ಮಾತ್ರವಲ್ಲ, ಮನೆಯ ಯಜಮಾನರೂ ಬಗ್ಗಿ ನೋಡಬೇಕು. ಬೀದಿಯಲ್ಲಿ ಹೊಗೆಯ ಬಂಡಿ ಬಂದಿತೆಂದು ಹಿಗ್ಗುವ ಕಾರಣವಿಲ್ಲ. ಹೊಗೆಯು ಹಾರುವ ಕೆಲವು ಸೊಳ್ಳೆಗಳನ್ನು ಕೊಂದೀತು, ಮೊಟ್ಟೆಗಳನ್ನು ಮುಟ್ಟದು.

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಅವರನ್ನು ಹಗಲಿನಲ್ಲಿಯೂ ಪರದೆಯೊಳಗೆ ಮಲಗಿಸಿರಿ. ಆ ದಿನಗಳಲ್ಲಿ ಅವರನ್ನು ಕಚ್ಚಿದ ಸೊಳ್ಳೆಯೇ ಮುಂದಿನ ವಾರ ಪಕ್ಕದ ಮನೆಯ ಮಗುವನ್ನು ಹುಡುಕಿಕೊಂಡು ಹೋಗುವುದು.