ರಕ್ತ ತೆಗೆಯುವ ಕಾಯಕ: ಯಾರಿಗೆ ಒಪ್ಪುತ್ತದೆ?

ಶ್ರೀನಿವಾಸಪುರದ ಕಡೆಯ ಭಕ್ತರೊಬ್ಬರು ಈಚೆಗೆ ಮಗಳೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಪಿಯುಸಿ ಮುಗಿಸಿದ ಆ ಹುಡುಗಿಗೆ ಲ್ಯಾಬ್ ಟೆಕ್ನೀಷಿಯನ್ ಆಗುವ ಆಸೆ. ತಂದೆಗೆ ಅಳುಕು. “ಬೆಳಗಾದರೆ ಕಂಡವರ ರಕ್ತ ಮುಟ್ಟುವ ಕೆಲಸ. ನಮ್ಮ ಮನೆಗೆ ಒಪ್ಪುತ್ತದೆಯೇ ಡಾಕ್ಟರೇ?” ಎಂದರು. ಈ ಪ್ರಶ್ನೆ ಅವರೊಬ್ಬರದೇ ಅಲ್ಲವಾದ್ದರಿಂದ ನಮ್ಮ ಅಭಿಪ್ರಾಯವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲಿಗೆ ಮೈಲಿಗೆಯ ಮಾತು. ಪಂಚಸೂತಕಗಳನ್ನು ಒಪ್ಪದ ಧರ್ಮ ನಮ್ಮದು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು; ವೈದ್ಯವೇ ಅವರ ಕಾಯಕ. ಇಷ್ಟಲಿಂಗ ಧರಿಸಿದವರಿಗೆ ರೋಗಿಯ ರಕ್ತ ಮೈಲಿಗೆಯಾಗದು. ಆಯುರ್ವೇದವೂ ಈ ಕೆಲಸವನ್ನು ಕೀಳೆನ್ನಲಿಲ್ಲ. ಸಿರೆಯನ್ನು ಚುಚ್ಚಿ ರಕ್ತ ತೆಗೆಯುವುದನ್ನು ಶಲ್ಯತಂತ್ರದ ಅರ್ಧ ಚಿಕಿತ್ಸೆಯೆಂದೇ ಸುಶ್ರುತರು ಎಣಿಸಿದ್ದಾರೆ.

ಎರಡನೆಯದು ಭಯ. ರಕ್ತ ಕಂಡು ತಲೆ ಸುತ್ತುವ ವಿದ್ಯಾರ್ಥಿಗಳು ಹಲವರು. ಬಹುಮಂದಿಗೆ ಅದು ಅಭ್ಯಾಸದಿಂದ ಕಡಿಮೆಯಾಗುತ್ತದೆ. ಆಗದಿದ್ದರೆ ಬೇರೆ ಕಾಯಕ ಹಿಡಿಯುವುದರಲ್ಲಿ ಅವಮಾನವಿಲ್ಲ. ಕೈಚಳಕವೂ ಅಭ್ಯಾಸದಿಂದಲೇ ಬರತಕ್ಕದ್ದು. ಶಿಷ್ಯರು ಮೊದಲು ತಾವರೆಯ ಜಾತಿಯ ಹೂವಿನ ದಂಟಿನ ಮೇಲೆ, ಸತ್ತ ಪಶುಗಳ ಸಿರೆಗಳ ಮೇಲೆ ಚುಚ್ಚುವುದನ್ನು ಕಲಿಯಬೇಕೆಂದು ಸುಶ್ರುತರು ವಿಧಿಸಿದ್ದು ಇದಕ್ಕಾಗಿಯೇ.

ಅಭ್ಯಾಸದಿಂದಷ್ಟೇ ಬಾರದ ಗುಣವೊಂದಿದೆ: ಸತ್ಯಸಂಧತೆ. ಹಿಂದೊಮ್ಮೆ ನಮ್ಮ ರೋಗಿಯೊಬ್ಬರ ವರದಿಯಲ್ಲಿ ಸಕ್ಕರೆಯ ಪ್ರಮಾಣ ವಿಪರೀತವಾಗಿತ್ತು. ನಾಡಿಗೂ ಲಕ್ಷಣಗಳಿಗೂ ಅದು ಹೊಂದಲಿಲ್ಲ. ಮರುಪರೀಕ್ಷೆ ಮಾಡಿಸಿದಾಗ, ಮೊದಲ ಟ್ಯೂಬಿನಲ್ಲಿದ್ದುದು ಬೇರೆಯವರ ರಕ್ತವೆಂದು ತಿಳಿಯಿತು. ನಾವು ಆ ಕಾಗದವನ್ನೇ ನಂಬಿ ಔಷಧ ಕೊಟ್ಟಿದ್ದರೆ? ಆ ಇನ್ನೊಬ್ಬರು ತಮಗೆ ಕಾಯಿಲೆಯೇ ಇಲ್ಲವೆಂದು ನೆಮ್ಮದಿಯಿಂದ ಇದ್ದುಬಿಟ್ಟಿದ್ದರೆ? ರೋಗಿಯ ಬಾಯಿಂದಲೇ ಹೆಸರು ಕೇಳಿ, ಅವರ ಎದುರಿನಲ್ಲಿಯೇ ಟ್ಯೂಬಿನ ಮೇಲೆ ಬರೆಯುವುದಕ್ಕೆ ಅರೆನಿಮಿಷ ಸಾಕು. ಸಂಶಯ ಬಂದರೆ “ಇನ್ನೊಮ್ಮೆ ತೆಗೆಯಬೇಕು” ಎನ್ನುವ ಧೈರ್ಯ ಬೇಕು.

ಈ ಕಾಯಕ ಬಯಸುವವರು ಒಂದು ದಿನ ಬೆಳಿಗ್ಗೆ ಕೋಲಾರ, ಮಾಲೂರು ಅಥವಾ ಮುಳಬಾಗಿಲಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಸರದಿಯ ಬಳಿ ಕುಳಿತು ನೋಡಲಿ. ಖಾಲಿ ಹೊಟ್ಟೆಯಲ್ಲಿ ಹಳ್ಳಿಯಿಂದ ಬಂದ ಕೂಲಿಕಾರರು, ಸಿರೆ ಸಿಗದ ಮುದುಕಿಯರು, ಚೀರುವ ಮಕ್ಕಳು ಅಲ್ಲಿರುತ್ತಾರೆ. ಅವರ ಮೇಲೆ ರೇಗದೆ ನೂರನೆಯವರನ್ನೂ ಮೊದಲನೆಯವರಂತೆ ಮಾತನಾಡಿಸಬಲ್ಲೆನೇ ಎಂದು ತಮ್ಮನ್ನೇ ಕೇಳಿಕೊಳ್ಳಲಿ.

ಅಪಾಯವನ್ನೂ ಮುಚ್ಚಿಡಬಾರದು. ಬಳಸಿದ ಸೂಜಿ ಕೈಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ತಗಲಬಹುದು. ಕೆಲಸಕ್ಕೆ ಸೇರುವ ಮುನ್ನ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಬೇಕು. ಬಳಸಿದ ಸೂಜಿಗೆ ಮರಳಿ ಮುಚ್ಚಳ ಹಾಕಬಾರದು. ಚುಚ್ಚಿದರೆ ಸೋಪು ನೀರಿನಿಂದ ತೊಳೆದು ಕೂಡಲೇ ಹೇಳಬೇಕು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ, ಬೇಗನಾದಷ್ಟೂ ಒಳ್ಳೆಯದು, ಆರಂಭಿಸಬೇಕು. ಇಲ್ಲಿಯೂ ಮುಚ್ಚಿಡುವ ಸ್ವಭಾವವೇ ಶತ್ರು. ಹೆತ್ತವರು ಶುಲ್ಕ ಕಟ್ಟುವ ಮೊದಲು ಕಾಲೇಜಿಗೆ ಮಾನ್ಯತೆಯಿದೆಯೇ ಎಂದು ವಿಚಾರಿಸಲಿ.

ಆ ಹುಡುಗಿಯನ್ನು ನಾವು ಕೇಳಿದ್ದು ಒಂದೇ ಪ್ರಶ್ನೆ: “ಸೂಜಿ ಹಾಕುವಾಗ ತಪ್ಪಿದರೆ ಏನು ಮಾಡುತ್ತೀಯಮ್ಮ?”

ತುಸು ಯೋಚಿಸಿ, “ತಪ್ಪಿತು ಅಂತ ಅವರಿಗೆ ಹೇಳುತ್ತೇನೆ. ಎರಡನೇ ಸಲವೂ ಆಗದಿದ್ದರೆ ಗೊತ್ತಿರುವವರನ್ನು ಕರೆಯುತ್ತೇನೆ” ಎಂದಳು.

ಓದಿಸಿ ಎಂದು ಆ ತಂದೆಗೆ ಹೇಳಿ ಕಳುಹಿಸಿದೆವು.