ಅತಿಥಿಯ ಚೀಟಿ, ಆತಿಥೇಯನ ಎಚ್ಚರ

ಕಂಪ್ಯೂಟರ್ ಜಗತ್ತಿನ 'ಮೋಡ'ವೆಂಬುದು ಆಕಾಶದಲ್ಲಿಲ್ಲ, ಎಲ್ಲೋ ಒಂದು ಕಟ್ಟಡದಲ್ಲಿ ಸಾಲಾಗಿ ನಿಂತ ದೊಡ್ಡ ಯಂತ್ರಗಳಲ್ಲಿದೆ ಎಂದು ಕಳೆದ ವಾರ ಬರೆದಿದ್ದೆನಷ್ಟೆ. ಅದನ್ನೋದಿದ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ: ಒಂದೇ ಯಂತ್ರವನ್ನು ಹಲವರಿಗೆ ಬಾಡಿಗೆಗೆ ಕೊಟ್ಟಿದ್ದರೆ, ಪಕ್ಕದ ಬಾಡಿಗೆದಾರನು ನಮ್ಮ ಬ್ಯಾಂಕಿನ ಲೆಕ್ಕವನ್ನೋ ಆಸ್ಪತ್ರೆಯ ದಾಖಲೆಯನ್ನೋ ಇಣುಕಿ ನೋಡಲಾರನೇ? ಪ್ರಶ್ನೆ ಚಿಕ್ಕದು, ಉತ್ತರಕ್ಕೆ ಮಾತ್ರ ಯಂತ್ರದೊಳಗೆ ಒಂದಿಷ್ಟು ದೂರ ನಡೆಯಬೇಕು.

ಒಂದು ಯಂತ್ರವನ್ನು ಹಲವು ಯಂತ್ರಗಳೆಂಬಂತೆ ಹಂಚಿಕೊಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಅದನ್ನು ಆತಿಥೇಯನೆನ್ನೋಣ. ಅದರ ಆಶ್ರಯದಲ್ಲಿ ನಡೆಯುವ ಲಿನಕ್ಸ್, ವಿಂಡೋಸ್ ಮುಂತಾದವು ಅತಿಥಿಗಳು. ಪ್ರತಿಯೊಬ್ಬ ಅತಿಥಿಗೂ ಮೆಮೊರಿಯಲ್ಲಿ ತನ್ನದೇ ಪಾಲಿದೆ. ನೆರೆಯವನ ಪಾಲು ಕಾಣದಂತೆ ಪ್ರೊಸೆಸರಿನ ನೆರವಿನಿಂದ ಗೋಡೆ ಕಟ್ಟಲಾಗಿದೆ. ಆದರೆ ಅತಿಥಿಯು ಡಿಸ್ಕಿಗೆ ಬರೆಯಬೇಕು, ಅಂತರ್ಜಾಲಕ್ಕೆ ಮಾಹಿತಿ ಕಳುಹಿಸಬೇಕು. ಆ ಉಪಕರಣಗಳಿರುವುದು ಆತಿಥೇಯನ ವಶದಲ್ಲಿ. ಹೀಗಾಗಿ ಗೋಡೆಗೊಂದು ಕಿಟಕಿ ಬೇಕೇ ಬೇಕು. ಭಯವಿರುವುದು ಆ ಕಿಟಕಿಯಲ್ಲಿ.

ಮೊದಲಿನ ಉಪಾಯ ವೇಷ ಕಟ್ಟುವುದು. ಆತಿಥೇಯನು ಹಳೆಯ ಕಾಲದ ನೆಟ್‌ವರ್ಕ್ ಕಾರ್ಡಿನಂತೆಯೋ ಫ್ಲಾಪಿ ಡ್ರೈವಿನಂತೆಯೋ ನಟಿಸುತ್ತಾನೆ. ಅತಿಥಿಯು ಅದನ್ನು ನಿಜವೆಂದೇ ನಂಬಿ ಆದೇಶ ನೀಡುತ್ತಾನೆ. ಪ್ರತಿ ಆದೇಶಕ್ಕೂ ಅತಿಥಿಯ ಕೆಲಸವನ್ನು ನಿಲ್ಲಿಸಿ ಆತಿಥೇಯನನ್ನು ಎಬ್ಬಿಸಬೇಕಾದ್ದರಿಂದ ಇದು ಬಲು ನಿಧಾನ. 2003ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಕ್ಸೆನ್ ಬೇರೆ ದಾರಿ ಹಿಡಿಯಿತು: ತಾನು ಅತಿಥಿಯೆಂದು ಅತಿಥಿಗೆ ತಿಳಿದಿರಲಿ, ಇಬ್ಬರೂ ಒಂದಿಷ್ಟು ಮೆಮೊರಿಯನ್ನು ಹಂಚಿಕೊಂಡು ಅದರಲ್ಲಿಯೇ ವ್ಯವಹರಿಸಲಿ. ಆದರೆ ಒಂದೊಂದು ಹೈಪರ್‌ವೈಸರಿಗೂ ಒಂದೊಂದು ರೀತಿಯ ಸಂವಾದಭಾಷೆ ಹುಟ್ಟಿಕೊಂಡಿತು. ಈ ಗೊಂದಲಕ್ಕೆ ಪರಿಹಾರವಾಗಿ ಆಸ್ಟ್ರೇಲಿಯದ ರಸ್ಟಿ ರಸೆಲ್ ರೂಪಿಸಿದ 'ವರ್ಟ್‌ಐಒ' 2008ರಲ್ಲಿ ಲಿನಕ್ಸಿನ ಭಾಗವಾಗಿ ಹೊರಬಂದಿತು.

ಅದರ ಸರಳತೆಯನ್ನು ಮೆಚ್ಚಲೇಬೇಕು. ಹಂಚಿಕೊಂಡ ಜಾಗದಲ್ಲಿ ಮೂರು ಪಟ್ಟಿಗಳು. ಮಾಹಿತಿ ಎಲ್ಲಿದೆ, ಎಷ್ಟು ಉದ್ದವಿದೆ ಎಂಬುದು ಮೊದಲನೆಯದರಲ್ಲಿ. 'ಇದು ಸಿದ್ಧವಾಗಿದೆ' ಎಂಬ ಅತಿಥಿಯ ಸೂಚನೆ ಎರಡನೆಯದರಲ್ಲಿ. 'ಇದು ಮುಗಿಯಿತು' ಎಂಬ ಆತಿಥೇಯನ ಉತ್ತರ ಮೂರನೆಯದರಲ್ಲಿ. ಹತ್ತು ಚೀಟಿಗಳನ್ನಿಟ್ಟು ಒಮ್ಮೆ ಗಂಟೆ ಬಾರಿಸಿದರೆ ಸಾಕು. ಆತಿಥೇಯನು ಆಗಲೇ ಕೆಲಸದಲ್ಲಿ ತೊಡಗಿದ್ದರೆ 'ಗಂಟೆ ಬೇಡ, ನಾನೇ ನೋಡುತ್ತಿದ್ದೇನೆ' ಎಂಬ ಗುರುತನ್ನೂ ಇಡಬಹುದು. ಮೊದಲ ಭೇಟಿಯಲ್ಲಿಯೇ ಆತಿಥೇಯನು ತನ್ನ ಸಾಮರ್ಥ್ಯಗಳ ಪಟ್ಟಿಯನ್ನು ಮುಂದಿಡುತ್ತಾನೆ, ಅತಿಥಿಯು ತನಗೆ ತಿಳಿದಿರುವಷ್ಟನ್ನೇ ಒಪ್ಪುತ್ತಾನೆ. ಹೀಗಾಗಿ ಹಳಬರೂ ಹೊಸಬರೂ ಜಗಳವಿಲ್ಲದೆ ಬಾಳಬಲ್ಲರು.

ಇನ್ನು ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. 2015ರ ಮೇ ತಿಂಗಳಲ್ಲಿ 'ವೆನಮ್' ಎಂಬ ದೋಷ ಬೆಳಕಿಗೆ ಬಂದಿತು. ವೇಷ ಕಟ್ಟುವ ಕೆಲಸ ಮಾಡುವ ಕ್ಯೂಇಎಂಯು ಎಂಬ ತಂತ್ರಾಂಶದಲ್ಲಿ ಫ್ಲಾಪಿ ಡ್ರೈವಿಗಾಗಿ ಬರೆದಿದ್ದ ಭಾಗದಲ್ಲಿ, 512 ಬೈಟುಗಳ ಜಾಗಕ್ಕೆ ಅದಕ್ಕಿಂತ ಹೆಚ್ಚು ತುಂಬಲು ಸಾಧ್ಯವಿತ್ತು. ಹಾಗೆ ತುಂಬಿದ ಅತಿಥಿಯು ಗೋಡೆ ದಾಟಿ ಆತಿಥೇಯನ ಮನೆಯೊಳಕ್ಕೇ ನುಗ್ಗಬಹುದಿತ್ತು. ಫ್ಲಾಪಿಯನ್ನು ಇಂದಿನ ಮಕ್ಕಳು ಕಂಡೂ ಇರಲಾರರು. ಆದರೂ ಯಾರಿಗೂ ಬೇಡವಾದ ಆ ಕಿಟಕಿಯನ್ನು ಮುಚ್ಚುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಅದೇ ಡಿಸೆಂಬರಿನಲ್ಲಿ ಕ್ಸೆನ್ ತಂಡ ಪ್ರಕಟಿಸಿದ ದೋಷ ಇದಕ್ಕಿಂತ ಸೂಕ್ಷ್ಮವಾದುದು. ಬ್ಯಾಂಕಿನ ಕೌಂಟರಿನಲ್ಲಿ ಹಣ ಹಿಂಪಡೆಯುವ ಚೀಟಿಯನ್ನು ಊಹಿಸಿಕೊಳ್ಳಿ. ಗುಮಾಸ್ತರು ಅದರಲ್ಲಿ 500 ರೂಪಾಯಿ ಎಂದಿರುವುದನ್ನು ನೋಡಿ, ಖಾತೆಯಲ್ಲಿ ಅಷ್ಟು ಹಣವಿದೆಯೆಂದು ಖಚಿತಪಡಿಸಿಕೊಳ್ಳುತ್ತಾರೆ. ಹಣ ಎಣಿಸುವಾಗ ಚೀಟಿಯನ್ನು ಮತ್ತೊಮ್ಮೆ ಓದುತ್ತಾರೆ. ಚೀಟಿ ಇನ್ನೂ ಗಿರಾಕಿಯ ಕೈಗೆಟಕುವಲ್ಲಿಯೇ ಇದ್ದರೆ, ನಡುವೆ ಅವನೊಂದು ಸೊನ್ನೆ ಸೇರಿಸಬಹುದಲ್ಲವೇ? ಹಂಚಿಕೊಂಡ ಮೆಮೊರಿಯಲ್ಲಿ ನಡೆಯಬಹುದಾಗಿದ್ದ ಮೋಸ ಇದೇ. ಸೋಜಿಗವೆಂದರೆ, ಕೆಲವು ಕಡೆ ಪ್ರೋಗ್ರಾಮ್ ಬರೆದವರು ಒಮ್ಮೆಯೇ ಓದುವಂತೆ ಬರೆದಿದ್ದರೂ, ಅದನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರ್ ತನ್ನ ಅನುಕೂಲಕ್ಕಾಗಿ ಎರಡು ಓದುಗಳನ್ನು ಮಾಡಿಬಿಡಬಹುದಿತ್ತು! ಪರಿಹಾರ ಹಳೆಯ ಗುಮಾಸ್ತರ ಪದ್ಧತಿಯೇ: ಚೀಟಿಯನ್ನು ಮೊದಲು ತನ್ನ ಪುಸ್ತಕಕ್ಕೆ ನಕಲು ಮಾಡಿಕೊಂಡು, ಆ ನಕಲನ್ನೇ ಪರೀಕ್ಷಿಸಿ, ಆ ನಕಲಿನಂತೆಯೇ ನಡೆಯುವುದು. ಅತಿಥಿಯನ್ನು ದೇವರೆಂದು ಬಗೆಯುವ ನಾಡಿನವರಾದ ನಮಗೆ ಇಷ್ಟು ಸಂಶಯ ಒರಟೆನಿಸೀತು. ಆದರೆ ಈ ಮನೆಯಲ್ಲಿ ಸಂಶಯವೇ ಸೌಜನ್ಯ. ಉಳಿದ ಅತಿಥಿಗಳ ಕ್ಷೇಮ ಅದರಲ್ಲಿದೆ.

ಆದ್ದರಿಂದ ಮಗಳೇ, ಪಕ್ಕದವನು ಇಣುಕದಂತೆ ಏರ್ಪಾಡಿದೆ. ಆದರೆ ಕಿಟಕಿ ಕಟ್ಟಿದವರು ಎಚ್ಚರ ತಪ್ಪಿದಲ್ಲಿ ಇಣುಕಬಲ್ಲನು. ನೀನು ಕೇಳದ ಇನ್ನೊಂದು ಪ್ರಶ್ನೆಯೂ ಇದೆ: ಆತಿಥೇಯನೇ ಇಣುಕಿದರೆ? ಅತಿಥಿಯ ಮೆಮೊರಿಯನ್ನು ಆತಿಥೇಯನಿಗೂ ಅರ್ಥವಾಗದಂತೆ ಗೂಢಲಿಪಿಯಲ್ಲಿಡುವ ಪ್ರೊಸೆಸರುಗಳು ಈಗ ಬಂದಿವೆ. ಆದರೆ ಆತಿಥೇಯನು ಸುಳ್ಳು ಹೇಳನೆಂಬ ನಂಬಿಕೆಯಲ್ಲಿ ಬರೆದಿದ್ದ ಅತಿಥಿಯ ಕಡೆಯ ತಂತ್ರಾಂಶವನ್ನು ಇದಕ್ಕಾಗಿ ಮತ್ತೆ ತಿದ್ದಬೇಕಾಗಿ ಬಂದಿದೆ. 'ಇದು ಮುಗಿಯಿತು, ಇಷ್ಟು ಉದ್ದ' ಎಂದು ಆತಿಥೇಯನು ಮೂರನೆಯ ಪಟ್ಟಿಯಲ್ಲಿ ಬರೆದುದನ್ನು ಅತಿಥಿಯೂ ಈಗ ನಕಲು ಮಾಡಿಕೊಂಡು ಪರೀಕ್ಷಿಸಬೇಕಾಗಿದೆ.