ಕಾಡಿನ ದುಡಿಮೆಗಾರನ ರೋಗಕ್ಕೆ ಹೊಣೆ ಯಾರು?

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲ ಹಳ್ಳಿಗರೂ ವಿಚಿತ್ರ ಜ್ವರದಿಂದ ಮಡಿದರು. ‘ಮಂಗನ ಕಾಯಿಲೆ’ಯೆಂದು ಹೆಸರಾದ ಈ ರೋಗವನ್ನು ಮನುಷ್ಯರಿಗೆ ತಗಲಿಸುವುದು ಕಾಡಿನ ಉಣುಗು.

ಉಣುಗಿಗೆ ರಾಜ್ಯದ ಗಡಿ ತಿಳಿಯದು. ಬಂಡೀಪುರ, ವಯನಾಡು, ನೀಲಗಿರಿ ಒಂದಕ್ಕೊಂದು ಹೊಂದಿದ ಕಾಡುಗಳು. 2012ರಿಂದೀಚೆಗೆ ಅಲ್ಲಿಯೂ ರೋಗದ ಸುಳಿವು ಕಂಡಿತು. 2015ರಲ್ಲಿ ವಯನಾಡಿನ ಆದಿವಾಸಿಗಳು ಹಲವರು ಹಾಸಿಗೆ ಹಿಡಿದರು, ಸಾವುಗಳೂ ಆದವು. ನೀಲಗಿರಿಯ ಆದಿವಾಸಿಗಳ ಯೋಗಕ್ಷೇಮ ಚೆನ್ನೈಯ ಸರಕಾರದ ಹೊಣೆ. ಆದುದರಿಂದ ಈ ನಗರದಲ್ಲಿ ದುಡಿಯುವ ಕನ್ನಡಿಗರಾದ ನಮಗೂ ಇದು ದೂರದ ಸುದ್ದಿಯಲ್ಲ.

ಕಾಡಿಗೆ ಹೋಗಬೇಡಿರೆಂದು ಬುದ್ಧಿ ಹೇಳುವುದು ಸುಲಭ. ಆದರೆ ರೋಗ ಹರಡುವ ಬೇಸಗೆಯ ತಿಂಗಳುಗಳೇ ಜೇನು, ಸೌದೆ, ತರಗೆಲೆ ಕೂಡಿಸುವ ಕಾಲ. ಹೋಗದಿದ್ದರೆ ಒಲೆ ಉರಿಯದು. ಹೋದರೆ ಜ್ವರದ ಭಯ.

ದುಡಿಮೆಯಿಂದ ಬಂದ ರೋಗಕ್ಕೆ ಒಡೆಯನು ಪರಿಹಾರ ಕೊಡತಕ್ಕದ್ದೆಂಬ ತತ್ತ್ವವನ್ನು ನಮ್ಮ ದೇಶದ ಕಾನೂನು 1923ರಲ್ಲೇ ಒಪ್ಪಿತು. ಗಿರಣಿಯ ಕಾರ್ಮಿಕನಿಗೆ ಒಡೆಯನುಂಟು, ಸಂಘವುಂಟು. ತನಗಾಗಿ ಜೇನು ಕೀಳುವ ಆದಿವಾಸಿಗೆ ಒಡೆಯನೆಲ್ಲಿ? ಅಲ್ಲಿ ಆ ಸ್ಥಾನದಲ್ಲಿ ಸರಕಾರವೇ ನಿಲ್ಲಬೇಕು.

ನಾವು ಕೇಳುವುದು ದಾನವಲ್ಲ. ಬೇಸಗೆಗೆ ಮೊದಲೇ ಪ್ರತಿ ಹಾಡಿಗೂ ಉಣುಗು ಕಚ್ಚದಂತೆ ಮೈಗೆ ಹಚ್ಚುವ ತೈಲ ತಲುಪಲಿ. ಮಂಗ ಸತ್ತ ಸುದ್ದಿ ಬಂದೊಡನೆ ವೈದ್ಯರು ಧಾವಿಸಲಿ. ಮಲಗಿದವನ ಮನೆಗೆ ಗುಣವಾಗುವವರೆಗೆ ದಿನಗೂಲಿ ಸಿಗಲಿ. ಕಾಡಿನಲ್ಲಿ ದುಡಿಯುವವನೂ ಕಾರ್ಮಿಕನೇ. ಅವನ ಪರವಾಗಿ ದನಿಯೆತ್ತುವುದು ಸಂಘಟಿತರಾದ ನಮ್ಮೆಲ್ಲರ ಕರ್ತವ್ಯ.